ಗೋಡೆಯೊಳಗಿನ ಬೀದಿ

"ಇನ್ನೊಂಚೂರು ಬಗ್ಗಿಸ್ರೀ. ಈಗ ಬರೀ ಫ್ಯಾನ್ ಕಾಣ್ತಿದೆ," ಎಂದಳು ಮಂಚದ ಮೇಲೆ ಮಲಗಿದ್ದ ಹೆಂಡತಿ. "ನಾಲ್ಕು ತಿಂಗಳಿಂದ ಅದನ್ನೇ ನೋಡ್ತಿದ್ದೀನಿ. ಅದಕ್ಕೆ ಕನ್ನಡಿ ಬೇರೆ ಕೇಡು."

ದರ್ಜಿ ಸ್ಟೂಲಿನ ಮೇಲೆ ತುದಿಗಾಲಲ್ಲಿ ನಿಂತು, ಕನ್ನಡಿಯ ಮೇಲಂಚಿನ ಹಿಂದೆ ಮಡಿಸಿದ ಚೂರುಬಟ್ಟೆಯೊಂದನ್ನು ತುರುಕಿದ. ಎರಡು ಕೊಕ್ಕೆಗಳಿಂದ ಅಡ್ಡಲಾಗಿ ತೂಗುಬಿದ್ದಿದ್ದ ಕನ್ನಡಿ ಕೋಣೆಯ ಕಡೆಗೆ ಒಂದಿಷ್ಟು ಬಾಗಿತು. ಅದು ಅವನ ಅಂಗಡಿಯದು. ಹೊಸ ಅಂಗಿ ತೊಟ್ಟವರು ಹಿಂದೆ ಮುಂದೆ ತಿರುಗಿ ನೋಡಿಕೊಳ್ಳುತ್ತಿದ್ದದ್ದು ಅದರಲ್ಲೇ.

"ಇನ್ಮೇಲೆ ನಿಮ್ಮ ಗಿರಾಕಿಗಳು ಏನ್ ಮಾಡ್ತಾರೆ?"

"ನನ್ನ ಮಾತು ನಂಬ್ತಾರೆ."

"ಹಾಗಾದ್ರೆ ಅಂಗಡಿಗೆ ಬೀಗ ಹಾಕಿದ ಹಾಗೇ."

ಅವನು ನಕ್ಕ. ಸೊಂಟದಿಂದ ಕೆಳಗೆ ಸ್ವಾಧೀನ ತಪ್ಪಿದ ಮೇಲೆ ಅವಳ ನಾಲಿಗೆ ಇನ್ನಷ್ಟು ಚುರುಕಾಗಿತ್ತು. ಕಿಟಕಿಯಿದ್ದದ್ದು ಅವಳ ತಲೆಯ ಹಿಂದೆ. ಮಂಚ ತಿರುಗಿಸೋಣವೆಂದರೆ ಬಾಗಿಲು ತೆರೆಯಲು ಜಾಗ ಉಳಿಯುತ್ತಿರಲಿಲ್ಲ. ಹೋದ ವಾರ ಒಂದು ದಿನ ಅವಳು, "ಬೀದೀಲಿ ಜನ ಇನ್ನೂ ಓಡಾಡ್ತಾರೇನ್ರೀ?" ಎಂದು ತಮಾಷೆಯಿಲ್ಲದೆ ಕೇಳಿದ್ದಳು. ಅವತ್ತಿನಿಂದ ಅವನ ಕೈಯಲ್ಲಿ ಕತ್ತರಿ ನೆಟ್ಟಗೆ ಓಡಿರಲಿಲ್ಲ.

ಮತ್ತೊಂದು ಚೂರುಬಟ್ಟೆ, ಮಗದೊಂದು. ಕೊನೆಗೆ ಸ್ಟೂಲಿನಿಂದಿಳಿದು, ಅವಳಿಗೆ ಏನು ಕಾಣುತ್ತದೆಂದು ನೋಡಲು ಅವಳ ದಿಂಬಿನ ಮೇಲೆಯೇ ತಲೆಯಿಟ್ಟ. ಇಬ್ಬರ ಕಿವಿಗಳೂ ತಾಗಿದವು. ಗೋಡೆಯೊಳಗೆ ಒಂದು ಬೀದಿ ತೆರೆದುಕೊಂಡಿತ್ತು. ಅವರದೇ ಗೇಟು, ಅದರಾಚೆ ಎದುರುಮನೆಯ ಮೋಟುಗೋಡೆ, ಗೋಡೆಗೊರಗಿದಂತೆ ಹಳದಿ ಹೂ ಉದುರಿಸುತ್ತ ನಿಂತ ಮರ. ಯಾರೋ ಒಬ್ಬಾಕೆ ಕೊಡೆ ಮಡಿಸಿಕೊಂಡು ನಡೆದುಹೋದಳು.

ಆಮೇಲೆ ಪ್ರತಿದಿನ ಅವನು ಅಂಗಡಿಗೆ ಹೊರಟ ಮೇಲೆ, ಪಕ್ಕದ ಮನೆಯಾಕೆ ಊಟ ಹಿಡಿದು ಬರುವವರೆಗೆ, ಬೀದಿ ಅವಳೊಬ್ಬಳದೇ. ಸೈಕಲ್ ಗಂಟೆ ತಲೆಯ ಹಿಂದೆ ಕೇಳಿಸಿ, ಸೈಕಲ್ಲು ಕಣ್ಣ ಮುಂದೆ ಹಾಯುತ್ತಿತ್ತು. ಬಲಕ್ಕೆ ಹೋಗಬೇಕಾದವರೆಲ್ಲ ಎಡಕ್ಕೆ ಹೋಗುತ್ತಿದ್ದರು, ಆದರೂ ಹೇಗೋ ಮನೆ ಸೇರುತ್ತಿದ್ದರು. ಮಧ್ಯಾಹ್ನದ ಮಂಪರಿನಲ್ಲಿ ಅವಳೂ ಎದ್ದು, ಕನ್ನಡಿಯ ಚೌಕಟ್ಟು ದಾಟಿ, ಬರಿಗಾಲಲ್ಲಿ ಆ ಬೀದಿಗಿಳಿಯುತ್ತಿದ್ದಳು. ಉದುರಿದ ಹೂಗಳು ಅಂಗಾಲಿಗೆ ತಣ್ಣಗೆ ತಾಗುತ್ತಿದ್ದವು. ಕಣ್ಣು ಬಿಟ್ಟರೆ ಅದೇ ಮಂಚ. ಆದರೂ ಆ ತಂಪು ಇನ್ನೂ ಅಂಗಾಲಲ್ಲೇ ಇದೆಯೆಂದು ಒಂದು ಗಳಿಗೆ ಅನ್ನಿಸುತ್ತಿತ್ತು.

ಐದನೆಯ ದಿನ ಸಂಜೆ, ದಿನವೂ ಅವನು ಬಂದು ಎಬ್ಬಿಸುವವರೆಗೆ ಇರುತ್ತಿದ್ದ ಅವಳ ಮಂಪರು ಬೇಗ ಹರಿಯಿತು. ಕನ್ನಡಿಯಲ್ಲಿ ಗಂಡ ಬರುತ್ತಿದ್ದ. ಅವನು ಗೇಟಿನವರೆಗೆ ಬಂದು, ಕೈ ಚಾಚಿ, ಚಿಲಕ ಮುಟ್ಟದೆ ಹಿಂದೆ ಸರಿದ. ಎದುರುಮನೆಯ ಮೋಟುಗೋಡೆಯ ಮೇಲೆ ಕುಳಿತ. ಕರೆಯೋಣವೆಂದು ಅವಳು ಬಾಯಿ ತೆರೆದಳು. ಅಷ್ಟರಲ್ಲಿ, ನೂಲೆಳೆದ ಹೊಲಿಗೆಯ ಹಾಗೆ ಅವನ ಮುಖ ಬಿಚ್ಚಿಕೊಂಡಿತು. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಅವಳು ಆ ಮುಖವನ್ನು ನೋಡಿರಲಿಲ್ಲ. ಚೀಲವನ್ನು ಎದೆಗೆ ಅವಚಿಕೊಂಡು ಅವನು ಬಿಕ್ಕುತ್ತಿದ್ದ. ಹೂಗಳು ಅವನ ಭುಜದ ಮೇಲೆ ಬೀಳುತ್ತಿದ್ದವು, ಅವನಿಗೆ ಅದರ ಪರಿವೆಯಿರಲಿಲ್ಲ.

ಎಷ್ಟೋ ಹೊತ್ತಾದ ಮೇಲೆ ಎದ್ದ. ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ. ಪಕ್ಕದಲ್ಲಿ ಯಾರದೋ ಸ್ಕೂಟರ್ ನಿಂತಿತ್ತು. ಅದರ ಪುಟ್ಟ ಕನ್ನಡಿಗೆ ಬಗ್ಗಿ ಒಂದು ನಗು ನಕ್ಕು ನೋಡಿದ. ಸರಿಹೋಗಲಿಲ್ಲ. ಮತ್ತೊಮ್ಮೆ ನಕ್ಕ. ಈ ಸಲ ಒಪ್ಪಿಗೆಯಾದಂತೆ ಗೇಟು ತೆರೆದ.

"ಏನ್ ಮಹಾರಾಣಿ, ಇವತ್ತು ಸವಾರಿ ಎಲ್ಲೆಲ್ಲಿಗೆ ಹೋಗಿತ್ತು?"

ದಿನದಿನದ ಅದೇ ದನಿ, ಅದೇ ಉಲ್ಲಾಸ. ಎಷ್ಟು ಹುಡುಕಿದರೂ ಅವಳಿಗೆ ಎಲ್ಲೂ ತೇಪೆ ಕಾಣಲಿಲ್ಲ. ಅವನು ದಿಂಬು ಸರಿಪಡಿಸಲು ಬಗ್ಗಿದಾಗ, ಅವನ ಭುಜದ ಮೇಲೆ ಉಳಿದಿದ್ದ ಹೂವನ್ನು ಅವಳು ಮೆಲ್ಲನೆ ತೆಗೆದು ಹೊದಿಕೆಯ ಅಡಿಗೆ ಸೇರಿಸಿದಳು.

"ರೀ, ಕನ್ನಡಿ ಹಿಂದಿರೋ ಬಟ್ಟೇಲಿ ಎರಡು ತೆಗೆದುಬಿಡಿ."

"ಯಾಕೆ? ಸರಿಯಾಗಿ ಕಾಣ್ತಿಲ್ವಾ?"

"ಕಾಣುತ್ತೆ. ಆ ಗೇಟು, ಆ ಮೋಟುಗೋಡೆ ನೋಡಿ ನೋಡಿ ಸಾಕಾಯ್ತು. ಮರದ ಮೇಲುಗಡೆ ಕಾಣ್ಲಿ."

"ಆಮೇಲೆ ಜನಾನೇ ಕಾಣಲ್ವಲ್ಲೇ. ಬೀದಿ ನೋಡ್ಬೇಕು ಅಂತ ತಾನೇ ಇಷ್ಟೆಲ್ಲ ಮಾಡಿದ್ದು?"

"ಸದ್ದು ಕೇಳ್ಸುತ್ತಲ್ಲ. ನಂಗಷ್ಟು ಸಾಕು."

ಹೆಂಗಸರ ಮನಸ್ಸು ಯಾರಿಗೆ ತಿಳಿಯುತ್ತದೆ ಎಂದು ಗೊಣಗುತ್ತ ಅವನು ಸ್ಟೂಲು ಹತ್ತಿದ. ಒಂದು ಬಟ್ಟೆ ತೆಗೆದಾಗ ಗೇಟು ಜಾರಿಹೋಯಿತು. ಇನ್ನೊಂದು ತೆಗೆದಾಗ ಮೋಟುಗೋಡೆ, ಹೂ ಬಿದ್ದ ನೆಲ, ತಾನು ಬರಿಗಾಲಲ್ಲಿ ಅಲೆದ ಬೀದಿ ಎಲ್ಲವೂ ಕೆಳಗೆ ಮುಳುಗಿದ್ದನ್ನು ಅವಳು ರೆಪ್ಪೆ ಮಿಟುಕಿಸದೆ ನೋಡಿದಳು. ಉಳಿದದ್ದು ನಾಲ್ಕು ಕೊಂಬೆ, ಒಂದು ತುಂಡು ಆಕಾಶ.

ಮರುದಿನ ಸಂಜೆ ಅವನ ಚಪ್ಪಲಿಯ ಸದ್ದು ಹತ್ತಿರ ಹತ್ತಿರ ಬಂದು, ಗೇಟಿನಾಚೆಯೇ ನಿಂತುಹೋಯಿತು. ಕನ್ನಡಿಯಲ್ಲಿ ಹಕ್ಕಿಯೊಂದು ಕೊಂಬೆ ಬದಲಿಸಿತು. ಬಿಳಿಯ ಮೋಡವೊಂದು ಈ ಅಂಚಿನಿಂದ ಆ ಅಂಚಿಗೆ ನಿಧಾನವಾಗಿ ಹಾದುಹೋಯಿತು. ಅವಳು ಕರೆಯಲಿಲ್ಲ.