ಜಾಫರನ ಹನ್ನೊಂದು ಒದೆತ

"ಹನ್ನೊಂದೇ ರೀ! ಒಂದೂವರೆ ತಾಸಿನ ಆಟದಾಗ ನಿಮ್ಮ ಜಾಫರ್ ಬರೇ ಹನ್ನೊಂದು ಸಲ ಚೆಂಡು ಒದ್ದಾನೆ. ಸಣ್ಣತಿಮ್ಮಪ್ಪಂದು ನೋಡ್ರಿ, ನಲವತ್ತಾರು," ಎಂದು ಪಂಚಾಕ್ಷರಪ್ಪ ರಿಜಿಸ್ಟರನ್ನು ಖುದ್ದೂಸನ ಮೂಗಿಗೇ ಹಿಡಿದರು.

ದಾವಣಗೆರೆಯ ಆ ಬಟ್ಟೆ ಗಿರಣಿಯಲ್ಲಿ ಖುದ್ದೂಸ್ ಫಿಟ್ಟರ್. ಕೆಲಸ ಬಿಟ್ಟ ಮೇಲೆ ಗಿರಣಿಯ ಫುಟ್ಬಾಲ್ ತಂಡಕ್ಕೆ ಕೋಚ್. ಆಟಕ್ಕೂ ಅಂಕಿಸಂಖ್ಯೆ ಬೇಕೆಂದು ಹೊಸ ಮ್ಯಾನೇಜರ್ ಹಟ ಹಿಡಿದಂದಿನಿಂದ, ಆಫೀಸಿನ ಗುಮಾಸ್ತ ಪಂಚಾಕ್ಷರಪ್ಪ ಗೆರೆಯಾಚೆ ಕುರ್ಚಿ ಹಾಕಿಕೊಂಡು, ಒಂದು ಒದೆತಕ್ಕೆ ಒಂದು ಗೀಟಿನಂತೆ ಎಳೆಯುತ್ತಿದ್ದರು.

"ತಿಮ್ಮಪ್ಪ ಒದ್ದಿದ್ರಾಗ ನಮ್ಮೋರ ಕಾಲಿಗೆ ಸಿಕ್ಕಿದ್ದೆಷ್ಟು? ಅದನ್ನ ಬರದೀರೇನು?"

"ಅದನ್ನ ಬರಿ ಅಂತ ಸಾಹೇಬ್ರು ಹೇಳಿಲ್ಲ."

ಖುದ್ದೂಸ್ ಹಣೆ ಚಚ್ಚಿಕೊಂಡ. ಮ್ಯಾನೇಜರ್ ಮಾತ್ರ ಆ ಪುಟ ನೋಡಿ, ಹರಿಹರದ ಪಂದ್ಯಕ್ಕೆ ಜಾಫರನನ್ನು ಕೈಬಿಟ್ಟು ಅವನು ಕಾಯುತ್ತಿದ್ದ ಬಲಗಡೆಯ ಜಾಗಕ್ಕೆ ಸಣ್ಣತಿಮ್ಮಪ್ಪನನ್ನು ಹಾಕಿದರು. ಜಾಫರ್ ಗಿರಣಿಯಲ್ಲಿ ಇನ್ನೂ ಖಾಯಂ ಆಗದ, ಯಾರಾದರೂ ಬಾರದ ದಿನ ಕರೆಸಿಕೊಳ್ಳುವ ಬದಲಿ ಕೆಲಸದವನು. ತಂಡದಲ್ಲಿದ್ದಾನೆಂದೇ ಅವನನ್ನು ಇಟ್ಟುಕೊಂಡಿದ್ದರು. ಶನಿವಾರ ಗೇಟಿನ ಬಳಿ ಅಂಟಿಸಿದ ಬದಲಿ ಪಟ್ಟಿಯಲ್ಲಿ ಅವನ ಹೆಸರಿರಲಿಲ್ಲ.

"ಉಸ್ತಾದ್, ನಾನೂ ಸುಮ್ಸುಮ್ನೆ ಒದೀಬೇಕಿತ್ತೇನು?" ಎಂದು ಜಾಫರ್ ಕೇಳಿದ.

"ಹಂಗೆ ಒದ್ದಿದ್ರೆ ನಾನೇ ನಿನ್ನ ಕಾಲು ಮುರೀತಿದ್ದೆ," ಎಂದ ಖುದ್ದೂಸ್. ಅಂದ ಮೇಲೆ ನಾಲಿಗೆ ಕಚ್ಚಿಕೊಂಡ. ಹುಡುಗನಿಗೆ ಒದಿ ಎಂದೇ ಹೇಳಿಕೊಡಬೇಕಿತ್ತೋ ಏನೋ. ಅನ್ನವಾದರೂ ಉಳಿಯುತ್ತಿತ್ತು.

ಭಾನುವಾರ ಹರಿಹರದಲ್ಲಿ ಗಿರಣಿ ತಂಡದ ಮೇಲೆ ನಾಲ್ಕು ಗೋಲು ಬಿದ್ದವು, ನಾಲ್ಕೂ ಬಲಗಡೆಯಿಂದಲೇ. ಸಣ್ಣತಿಮ್ಮಪ್ಪ ಓಡಿದ, ಬಿದ್ದ, ಎದ್ದು ಮತ್ತೆ ಒದ್ದ. ಜಾಫರ್ ಕೂಡ ಬಸ್ಸು ಹತ್ತಿ ಬಂದಿದ್ದ. ಜನರ ನಡುವೆ ನಿಂತಿದ್ದರೂ, ಎದುರಾಳಿ ಚೆಂಡು ತಂದಾಗಲೆಲ್ಲ ಅವನ ಕಾಲು ತಾನಾಗಿ ಎರಡು ಹೆಜ್ಜೆ ಪಕ್ಕಕ್ಕೆ ಸರಿಯುವುದನ್ನು ಖುದ್ದೂಸ್ ಕಂಡ. ಆಮೇಲೆ ಆ ಕಡೆ ನೋಡಲಿಲ್ಲ.

ಸೀಟಿ ಊದಿದ್ದೇ ತಡ, ಪಂಚಾಕ್ಷರಪ್ಪ ಓಡಿಬಂದರು. "ಸೋತ್ವಿ ಅಂತ ಬ್ಯಾಸರ ಮಾಡ್ಕೋಬ್ಯಾಡ್ರಿ ಸಾಬ್ರೆ. ಒಟ್ಟು ಒದೆತ ನಮ್ಮವು ಮುನ್ನೂರ ಹನ್ನೆರಡು, ಅವರವು ಇನ್ನೂರ ನಾಲ್ಕು. ತಿಮ್ಮಪ್ಪ ಒಬ್ಬಂದೇ ಅರವತ್ತೊಂದು!"

"ಗೋಲು ಎಷ್ಟಾದವು ರೀ?"

"ಅದು ಬ್ಯಾರೆ ಕಾಲಂ."

ಖುದ್ದೂಸ್ ಚೆಂಡನ್ನು ಚೀಲಕ್ಕೆ ತುರುಕಿದ. ಈ ಮನುಷ್ಯನಿಗೆ ಹೇಳುವುದಕ್ಕಿಂತ ಗೋಲಿನ ಕಂಬಕ್ಕೆ ಹೇಳಿದರೆ ಮೇಲು.

ಕೊನೆಗೆ ಮಾತಾಡಿದವನು ಸಣ್ಣತಿಮ್ಮಪ್ಪ. ಬಾತುಕೊಂಡ ಮೊಣಕಾಲು ಚಾಚಿ ನೆಲದ ಮೇಲೆ ಕೂತಿದ್ದ. "ನನ್ನ ಅರವತ್ತೊಂದು ಹೊಡೆದಾಕ್ರಿ ಯಜಮಾನ್ರೆ. ಇಲ್ಲಿ ಜಾಫರಣ್ಣ ಇದ್ದಾಗ ಅವರು ಬರೋಕೆ ಮೊದ್ಲೇ ಹೋಗಿ ದಾರಿ ಕಟ್ಟಿ ನಿಂತುಬಿಡ್ತಿದ್ದ. ಚೆಂಡು ಈ ಕಡಿಗೆ ಬರ್ತಾನೇ ಇರಲಿಲ್ಲ. ನನಗೆ ಹಂಗೆ ನಿಲ್ಲಾಕ ಬರಲ್ಲ. ಅದಕ್ಕೇ ಇಷ್ಟು ಒದ್ದೆ."

ಪಂಚಾಕ್ಷರಪ್ಪ ಕೆಟ್ಟವರಲ್ಲ. ಮುಖದ ಮೇಲಿನ ನಗು ಇಳಿಯಿತು. ರಿಜಿಸ್ಟರ್ ಬಿಚ್ಚಿ ಹಿಂದಿನ ಪಂದ್ಯದ ಪುಟ ಹುಡುಕಿದರು. ಜಾಫರನ ಹೆಸರಿನ ಮುಂದೆ ಪೆನ್ನು ಊರಿದರು. ಆಮೇಲೆ ತಲೆಯೆತ್ತಿ, ನಿಜವಾಗಿಯೂ ತಿಳಿಯದವರಂತೆ ಕೇಳಿದರು:

"ಕಾಲಿಗೆ ಬಾರದೇ ಹೋದ ಚೆಂಡನ್ನ ಹೆಂಗೆ ಎಣಿಸಲಿ, ಖುದ್ದೂಸ್ ಸಾಬ್ರೆ?"