ಅಳತೆಯ ಕೈ

ಒಳಗಿನಿಂದ ಚಿಲಕ ಹಾಕಿದ ಮೇಲೂ ಅನಿಷಾಳ ಎದೆ ಹೊಡೆದುಕೊಳ್ಳುತ್ತಲೇ ಇತ್ತು. ಭಾನುವಾರ. ಬ್ರಹ್ಮಾವರದ ಆ ಕಾಲೇಜಿನಲ್ಲಿ ವಾಚ್‌ಮನ್ ಬಿಟ್ಟರೆ ನರಪಿಳ್ಳೆ ಇಲ್ಲ. ಆದರೂ ಹೊರಗಿನವರನ್ನು ಪ್ರಯೋಗಾಲಯಕ್ಕೆ ತಂದು, ಅಪ್ಪಣೆಯಿಲ್ಲದೆ ಅವರ ಮೈಗೆ ಕರೆಂಟು ಕೊಟ್ಟದ್ದು ಗೊತ್ತಾದರೆ ಅವಳ ಓದಿಗೆ ಎಳ್ಳುನೀರು ಬಿಟ್ಟಂತೆಯೇ. ಆ ಹೊರಗಿನವನು ಅವಳ ಅಪ್ಪ ಗಣಪ. ಬೈಂದೂರಿನ ಹೋಟೆಲೊಂದರ ಅಡುಗೆಯವ.

"ಶರ್ಟಿನ್ ಕೈ ಮಡ್ಚಿ, ಅಪ್ಪಯ್ಯ."

ಗಣಪನಿಂದ ಗುಂಡಿ ಬಿಚ್ಚಲಾಗಲಿಲ್ಲ. ಸಾಂಬಾರಿನ ಹಂಡೆಯನ್ನು ಒಬ್ಬನೇ ಇಳಿಸುತ್ತಿದ್ದ ಕೈಯಿಂದ ಈಗ ಸೌಟು ಜಾರುತ್ತದೆ. ಪಾದ ನೆಲಕ್ಕೆ ಉಜ್ಜುತ್ತದೆ. ಈಗಷ್ಟೇ ಮೆಟ್ಟಿಲಲ್ಲಿ ಎಡವಿದ್ದ. ಹಿಡಿಯಲು ಹೋದ ಅನಿಷಾಳೂ ಮುಗ್ಗರಿಸಿದ್ದಳು. ಕದ್ದು ಬರುವವರ ಕಾಲು ನೆಟ್ಟಗೆ ಎಲ್ಲಿ ಬೀಳುತ್ತದೆ!

"ಕಾಣ್ ಹೆಣ್ಣೇ," ಗಣಪ ಹೇಳಿದ, "ನಮ್ಮಪ್ಪಯ್ಯ ಕಡೆಗಾಲಕ್ಕೆ ತೆವಳ್ದದ್ ನಾ ಕಂಡಿದೆ. ನಂಗೂ ಹಾಂಗೇ ಆಪ್ದಾರೆ ನಾ ಇಪ್ಪುದಿಲ್ಲೆ. ಈಗ್ಳೇ ಹೇಳಿದೆ."

ಅದು ಬಾಯಿಮಾತಲ್ಲವೆಂದು ಅವಳಿಗೆ ಗೊತ್ತಿತ್ತು. ಯಡ್ತರೆಯ ಮನೆಯಲ್ಲಿ ಬಾವಿಕಟ್ಟೆ ಹತ್ತಿ ನಿಂತಿದ್ದವನನ್ನು ಕೈಕಾಲು ಹಿಡಿದು ಇಳಿಸಿದ್ದು ಅವಳೇ. ದೊಡ್ಡಾಸ್ಪತ್ರೆಗೆ ಬಾ ಎಂದರೆ ಒಲ್ಲೆ ಎಂದ. ಮಗಳು ನೋಡಿ ಹೇಳಿದರೆ ಮಾತ್ರ ನಂಬುತ್ತೇನೆ ಎಂದ. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ.

ಮೇಜಿನ ಮೇಲಿದ್ದ, ನರ ಪರೀಕ್ಷಿಸುವ ಯಂತ್ರದ ಕೆಲಸ ಸರಳ. ತೋಳಿನ ನರಕ್ಕೆ ಸಣ್ಣ ಕರೆಂಟು ಕೊಟ್ಟರೆ ಹೆಬ್ಬೆರಳಿನ ಸ್ನಾಯು ಎಗರುತ್ತದೆ, ಪರದೆಯಲ್ಲಿ ಅಲೆ ಏಳುತ್ತದೆ. ನರ ಗಟ್ಟಿಯಿದ್ದರೆ ಸುದ್ದಿ ಬೇಗ ಮುಟ್ಟುತ್ತದೆ, ಕೆಟ್ಟಿದ್ದರೆ ತಡ. ಎಷ್ಟು ವೇಗ ಎಂಬುದನ್ನು ಯಂತ್ರವೇ ಅಂಕಿಯಲ್ಲಿ ತೋರಿಸುತ್ತದೆ.

ಆದರೆ ಪಾಠ ಮಾಡುವ ಪ್ರಭಾವತಿ ಮೇಡಂ ಅವರದ್ದೊಂದು ಕಟ್ಟಪ್ಪಣೆ ಇತ್ತು. ರೋಗಿಯ ಕೈ ಮುಟ್ಟುವ ಮೊದಲು ಗಟ್ಟಿ ಆಳೊಬ್ಬನ ಕೈ ಅಳೆಯಬೇಕು. ಪುಸ್ತಕದ ಅಂಕಿಗಿಂತ, ಅದೇ ದಿನ ಅದೇ ಯಂತ್ರ ಕೊಟ್ಟ ಅಂಕಿಯನ್ನು ನಂಬಬೇಕು. ತರಗತಿಯಲ್ಲಿ ಆ ಗಟ್ಟಿ ಆಳು ಯಾವಾಗಲೂ ಕಬಡ್ಡಿಯ ರತೀಶ. ಇವತ್ತು ರತೀಶನನ್ನು ಎಲ್ಲಿಂದ ತರುವುದು? ಅನಿಷಾ ತನ್ನ ಕೈಯನ್ನೇ ಒಡ್ಡಿದಳು.

ತಂತಿ ಅಂಟಿಸುವ ಮೊದಲು ಹಚ್ಚುವ ಜೆಲ್ ಟ್ಯೂಬಿನ ಮುಚ್ಚಳ ಜಪ್ಪಯ್ಯ ಎಂದರೂ ತಿರುಗಲಿಲ್ಲ. ಹಲ್ಲಿನಲ್ಲಿ ಕಚ್ಚಿ ತೆಗೆದಳು. ಕರೆಂಟು ಏರಿಸಿದಳು, ಇನ್ನೂ ಏರಿಸಿದಳು. ಕೊನೆಗೂ ಹೆಬ್ಬೆರಳು ಎಗರಿತು. ಪರದೆಯಲ್ಲಿ ಮೂಡಿದ ಅಂಕಿ ಪುಸ್ತಕ ಹೇಳುವುದರ ಅರ್ಧವೂ ಇರಲಿಲ್ಲ. ರಿಪೇರಿಗೆ ಹೋಗಿ ಮೊನ್ನೆಯಷ್ಟೇ ಬಂದ ಯಂತ್ರ. ಸರಿ ಮಾಡಿದರೋ, ಕೆಡಿಸಿ ಕಳಿಸಿದರೋ! ಇರಲಿ. ಇಬ್ಬರಿಗೂ ಒಂದೇ ಸುಳ್ಳು ಹೇಳಿದರೆ ಸಾಕು, ಹೋಲಿಸಿ ನೋಡಬಹುದು.

ಈಗ ಅಪ್ಪನ ಕೈ. ಅವಳಿಗೆ ಕಣ್ಣು ಮುಚ್ಚಿಕೊಳ್ಳಬೇಕೆನಿಸಿತು. ಗುಂಡಿ ಒತ್ತಿದಳು. ಗಣಪನ ಬೆರಳು ಎಗರಿತು. ಅಲೆ ಎದ್ದಿತು. ಅವಳು ನೋಡಿದಳು, ಮತ್ತೊಮ್ಮೆ ಒತ್ತಿ ನೋಡಿದಳು. ಅವಳ ಅಲೆ, ಅಪ್ಪನ ಅಲೆ, ಎರಡೂ ಒಂದರ ಮೇಲೊಂದು ಕೂರುವಂತಿದ್ದವು.

"ಅಪ್ಪಯ್ಯಾ! ನಿಮ್ಗ್ ಎಂತದೂ ಇಲ್ಲೆ. ನಿಮ್ದೂ ನಂದೂ ಒಂದೇ!"

"ಸತ್ಯವಾ?"

"ನಿಮ್ಮಾಣೆ."

ಗಣಪ ಅಂಗೈಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತ. ಅವಳೂ ಅತ್ತಳು. ಎಷ್ಟೋ ತಿಂಗಳಿಂದ ಎದೆಯ ಮೇಲೆ ಹೇರಿಕೊಂಡಿದ್ದ ಕಲ್ಲು ಇಳಿದಿತ್ತು. ಸುಸ್ತು, ವಯಸ್ಸು, ಒಲೆಯ ಮುಂದಿನ ದುಡಿತ. ಏನೋ ಒಂದು, ನರವಂತೂ ಅಲ್ಲ.

ಆಗಲೇ ಬಾಗಿಲು ಬಡಿದ ಸದ್ದಾಯಿತು.

ಚಿಲಕ ತೆಗೆಯದೆ ವಿಧಿಯಿರಲಿಲ್ಲ. ಹೊರಗೆ, ವಾಚ್‌ಮನ್ ಸುದ್ದಿ ಮುಟ್ಟಿಸಿದ್ದ ಪ್ರಭಾವತಿ ಮೇಡಂ. ಅವರ ಕಣ್ಣು ಗಣಪನ ಕೈಯ ತಂತಿಗಳ ಮೇಲೆ ಬಿತ್ತು. ಮುಖ ಕೆಂಪಾಯಿತು.

"ಯಾರನ್ನ್ ಕೇಂಡ್ ಮಾಡಿದೆ ಇದ್?"

"ತಪ್ಪಾಯ್ತ್ ಮೇಡಂ. ಕಾಲೇಜಿಂದ ತೆಗೀರಿ ಬೇಕಾರೆ. ನಮ್ಮಪ್ಪಯ್ಯನ್ ಜೀವದ್ ಪ್ರಶ್ನೆ." ಅನಿಷಾ ಕೈಮುಗಿದಳು. "ಎಂತದೂ ತೊಂದ್ರೆ ಇಲ್ಲೆ ಅಂದ್ಹೇಳಿ ಬಂತ್. ನೀವೇ ಕಾಣಿ."

ಮೇಡಂ ಪರದೆ ನೋಡಿದರು. ಬೈಗುಳ ಬಾಯಲ್ಲೇ ಉಳಿಯಿತು.

"ಎರಡೂ ನಿಧಾನ ಇತ್ತಲೆ."

"ಮಷಿನ್ ಸಮ ಇಲ್ಲೆ ಮೇಡಂ. ರಿಪೇರಿಯವ್ರ್ ಹಾಳ್ ಮಾಡಿರ್."

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂಬ್ರ್," ಎಂದರು ಮೇಡಂ. ಆದರೆ ದನಿಯಲ್ಲಿ ಸಿಟ್ಟಿರಲಿಲ್ಲ. "ಹೋಲಿಸುಕೆ ಯಾರ್ ಕೈ ತಕಂಡೆ?"

"ನಂದೇ."

ಪ್ರಭಾವತಿ ಗಣಪನ ಕೈಯ ತಂತಿಗಳನ್ನು ಬಿಚ್ಚಿದರು. ಕುರ್ಚಿ ಎಳೆದು ಕುಳಿತು, ಬಳೆ ಹಿಂದೆ ಸರಿಸಿ, ತಂತಿಗಳನ್ನು ತಮ್ಮ ಕೈಗೇ ಅಂಟಿಸಿಕೊಂಡರು.

ಗಣಪನ ಮುಖ ಅರಳಿಯೇ ಇತ್ತು. "ಹ್ವಾಯ್ ಮೇಡಮ್ಮಾ, ಬೈಬೇಡಿ ಅದ್ಕೆ. ನನ್ ಹೆಣ್ಣ್ ಇವತ್ ನನ್ ಜೀವ ಉಳ್ಸಿತ್. ಹೆಣ್ಣ್ ಗಟ್ಟಿ ಇದ್ರೆ ಸೈ, ನಂಗ್ ಮತ್ತೆಂತ ಬೇಕ್?"

ಮೇಡಂ ಗುಂಡಿ ಒತ್ತಿದರು. ಬೆರಳು ಒಂದೇ ಏಟಿಗೆ ಎಗರಿತು. ಪರದೆಯ ಮೇಲೆ ಪುಸ್ತಕದ್ದೇ ಅಂಕಿ ಮೂಡಿತು. ಅವರು ತಂತಿ ಬಿಚ್ಚಿಟ್ಟು, ಗಣಪನ ಕಡೆ ನೋಡದೆ, ಅನಿಷಾಳ ಎರಡೂ ಕೈಗಳನ್ನು ಹಿಡಿದುಕೊಂಡರು.

ಯಂತ್ರ ಸುಳ್ಳು ಹೇಳಿರಲಿಲ್ಲ. ಆ ಕೋಣೆಯಲ್ಲಿ ಕಾಯಿಲೆಯವರು ಇಬ್ಬರಿದ್ದರು.