ಬ್ರೇಕಿನ ಸಿಟ್ಟು

ಉಕ್ಕಿಗೆ ಅದರ ಡ್ರಾಯಿಂಗ್ ಬರೆದವರ ಸ್ವಭಾವ ಅಂಟಿಕೊಳ್ಳಲು ಶುರುವಾದ ಮೇಲೆ ರೈಲು ಕಾರ್ಖಾನೆಯವರು ಜಾಣರಾದರು. ಸೀಟುಗಳ ಕೆಲಸವನ್ನು ಮೆತ್ತನೆ ಮನಸ್ಸಿನವರಿಗೆ ಕೊಟ್ಟರು. ಬೋಗಿಯ ಅಡಿಯಲ್ಲಿ, ಗಾಲಿಯ ಪಕ್ಕ ಬ್ರೇಕನ್ನು ಬಿಗಿಯಾಗಿ ಹಿಡಿದಿಡುವ ಬ್ರಾಕೆಟ್ಟಿನ ಡ್ರಾಯಿಂಗನ್ನು ಮಾತ್ರ ನೀಲಗಂಗಾಗೆ ಕೊಟ್ಟರು. ಅವಳಷ್ಟು ಹಟ ಕಾರ್ಖಾನೆಯಲ್ಲೇ ಯಾರಿಗೂ ಇರಲಿಲ್ಲ.

ಪರೀಕ್ಷೆಯ ದಿನ ಬ್ರೇಕ್ ಚೆನ್ನಾಗಿಯೇ ಹಿಡಿಯಿತು. ಆದರೆ ಆಮೇಲೆ ಬಿಡಲೊಲ್ಲದು.

"ಮೇಡಮ್, ಡ್ರಾಯಿಂಗ್ ಬರೆದ ದಿನ ಮನ್ಯಾಗ ಏನರ ಆಗಿತ್ತೇನ್ರಿ?" ಪರೀಕ್ಷೆಗೆ ಬಂದ ಸಾಹೇಬರು ಕೇಳಿದರು.

"ನಮ್ಮನಿಯವ್ರು ನನ್ನ ಶೇಂಗಾ ಚಟ್ನಿ ಚಲೋ ಇಲ್ಲಂತ ಹೆಸರಿಟ್ಟಿದ್ರು. ನಾ ಮರ್ತೀನ್ರಿ. ಅದು ಮರ್ತಿಲ್ಲ."

ಗಂಡ ಅಡಿವೆಪ್ಪನನ್ನು ಕರೆಸಿದರು. ಅವನು ಬೋಗಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಬ್ರಾಕೆಟ್ಟಿಗೆ ಕೈಮುಗಿದ. "ತಪ್ಪಾತು. ನಿನ್ನಂಗ ಚಟ್ನಿ ಊರಾಗ ಯಾರೂ ಮಾಡಂಗಿಲ್ಲ."

ಬ್ರೇಕ್ ಸಡಿಲವಾಯಿತು. ಎಲ್ಲರೂ ಹತ್ತಿದರು, ಗಾಡಿ ಹೊರಟಿತು.

ಹಳಿ ಮುಗಿಯುವಲ್ಲಿದ್ದ ಗೋಡೆ ಕಂಡಾಗ ಚಾಲಕ ಬ್ರೇಕ್ ಹಾಕಿದ. ಹೊಗಳಿಸಿಕೊಂಡ ಬ್ರಾಕೆಟ್ಟು ಖುಷಿಯಲ್ಲಿ ತೂಗಾಡುತ್ತಿತ್ತು. ಗಾಡಿ ನಿಲ್ಲಲಿಲ್ಲ.

"ಅಡಿವೆಪ್ಪಾ, ಲಗೂನ ಇನ್ನೊಂದು ತಪ್ಪು ಮಾಡೋ ಮಾರಾಯಾ!" ಸಾಹೇಬರು ಒದರಿದರು.

ಅಡಿವೆಪ್ಪ ಗೋಡೆ ನೋಡಿದ. ಹೆಂಡತಿಯ ಮುಖ ನೋಡಿದ. ಮತ್ತೆ ಗೋಡೆ ನೋಡಿದ. ಬೋಗಿಯ ನೆಲಕ್ಕೆ ಬಾಯಿಟ್ಟು ಕೂಗಿದ: "ಖರೇ ಅಂದ್ರ, ನಮ್ಮವ್ವನ ಚಟ್ನಿನ ಚಲೋ!"

ಗಾಡಿ ಗೋಡೆಗೆ ಗೇಣು ದೂರದಲ್ಲಿ ಗಕ್ಕನೆ ನಿಂತಿತು.

ಸಾಹೇಬರು ಬೆವರು ಒರೆಸಿಕೊಂಡು ವರದಿ ಬರೆದರು: "ಬ್ರೇಕ್ ಪಾಸ್. ಗಂಡನನ್ನು ಗಾಡಿಯಿಂದ ಬೇರ್ಪಡಿಸಕೂಡದು."